ಎಕರೆಗೆ ಇಪ್ಪತ್ತು ಗ್ರಾಂ ಪುಡಿ

ಬೆಂಗಳೂರಲ್ಲಿ ಕೂತು ಕೋಡ್ ಬರೆಯೋನಿಗೆ ತೊಗರಿ ಬಿತ್ತನೆಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾನು ಸೇಡಂ ಕಡೆಯವನು, ಅದಕ್ಕೆ :)

ವಾಡಿ ಅಂದರೆ ಸಿಮೆಂಟು, ಶಹಾಬಾದ್ ಅಂದರೆ ಫರಸಿ ಕಲ್ಲು, ಇಷ್ಟು ಹೊರಗಿನವರಿಗೆ ಗೊತ್ತು. ಆದರೆ ಅಲ್ಲಿಂದ ಚಿತ್ತಾಪುರಕ್ಕೋ ಚಿಂಚೋಳಿಗೋ ಹೊರಟು ನೋಡಿ, ದಾರಿಯುದ್ದಕ್ಕೂ ತೊಗರಿ. 2019ರಲ್ಲಿ ನಮ್ಮ ಬೇಳೆಗೆ ಜಿಐ ಮಾನ್ಯತೆ ಸಿಕ್ಕಾಗ ಎಲ್ಲರೂ ಹೆಮ್ಮೆಪಟ್ಟೆವು. 2022ರಲ್ಲಿ ಅದೇ ತೊಗರಿ ನೆಟೆ ರೋಗ ಬಂದು ಹೊಲದಲ್ಲೇ ಒಣಗಿತು. ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಅಂದರೆ ಎಕರೆಗೆ ಸುಮಾರು 4 ಸಾವಿರ.

ಈಗ ಇನ್ನೊಂದು ಲೆಕ್ಕ. ಎಕರೆಗೆ ಬೇಕಾಗೋದು 4-5 ಕೆ.ಜಿ. ಬೀಜ. ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು ಅಂತ ಕೃಷಿ ವಿಜ್ಞಾನಿಗಳು ಹೇಳ್ತಾರೆ. ಒಟ್ಟು 20 ಗ್ರಾಂ! ರೋಗ ಬಂದ ಮೇಲೆ ಸಾವಿರಗಟ್ಟಲೆ ಕೊಡೋ ನಾವು, ಬರೋ ಮೊದಲು ಈ 20 ಗ್ರಾಂ ಬಗ್ಗೆ ಯಾಕೆ ಮಾತಾಡಲ್ಲ?

ನಮ್ಮ ಕಾಕಾ ಒಬ್ಬರಿಗೆ ಇದನ್ನೇ ಹೇಳಿದೆ. "ಏ ತಮ್ಮಾ, ಮಳಿ ಚಲೋ ಆದ್ರ ಎಲ್ಲಾ ಚಲೋ ಆಗ್ತದ. ಬೀಜಕ್ಕೇನು ಹಚ್ಚೋದು?" ಅಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲಿ, ಹಳೇ ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಪುಡಿ ಹಚ್ಚಿದ ಮಾತ್ರಕ್ಕೆ ಅದು ಓಡಿಹೋಗಲ್ಲ. ವರ್ಷವರ್ಷವೂ ತೊಗರಿಯನ್ನೇ ಹಾಕದೆ ಜೋಳದ ಜೊತೆ ಬದಲಾಯಿಸಬೇಕು, ರೋಗ ತಡೆಯೋ ತಳಿ ಬೇಕು. 1986ರಲ್ಲಿ ಬಿಡುಗಡೆಯಾದ ಮಾರುತಿ, ಆಮೇಲೆ ಬಂದ ಟಿಎಸ್-3ಆರ್ ಅಂಥ ತಳಿಗಳು. ಆದರೆ ಅವೂ ಒಣಬೇರು ಕೊಳೆ ರೋಗಕ್ಕೆ ಸಿಗಬಹುದು. ಮಳೆ ಕೈಕೊಟ್ಟು ಬಿಸಿಲೇರಿದಾಗ ಬರೋ ರೋಗ ಅದು. ಹೂವು, ಕಾಯಿ ಹೊತ್ತಲ್ಲಿ ಗಿಡ ಬಾಡಿದ ಮೇಲೆ ಮಾಡೋಕೆ ಏನೂ ಉಳಿದಿರಲ್ಲ. ಮಳೆ ನಮ್ಮ ಕೈಯಲ್ಲಿಲ್ಲ, ಬೀಜ ಇದೆ.

ಹಾಸನದ ಆಲೂಗಡ್ಡೆ ರೈತರಿಗೆ ಈ ಅನುಕೂಲವೂ ಇಲ್ಲ. ಬಿತ್ತನೆ ಗಡ್ಡೆಗೆ ಅವರು ದೂರದ ಜಲಂಧರ್ ಕಡೆಯ ಮಾಲನ್ನೇ ನಂಬಬೇಕು. ನಮಗೆ ಬೀಜ ಮನೆ ಮೂಲೆಯ ಚೀಲದಲ್ಲೇ ಇದೆ. ಹಾಗಂತ ಅದನ್ನೇ ಹತ್ತು ವರ್ಷ ಬಿತ್ತೋದೂ ತಪ್ಪು. ತೊಗರಿ ಹೂವಿಗೆ ಜೇನು ಬರುತ್ತೆ, ಪಕ್ಕದ ಹೊಲದ ತಳಿ ಬೆರೆಯುತ್ತೆ, ರೋಗ ತಡೆಯೋ ಗುಣ ನಿಧಾನಕ್ಕೆ ಕಳೆದುಹೋಗುತ್ತೆ. ಎರಡು-ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತರಲೇಬೇಕು.

ಉಳಿದ ಕೆಲಸ ಒಂದು ದಿನದ್ದು. ಜೊಳ್ಳು, ನುಸಿ ತಿಂದದ್ದು ಆರಿಸಿ ತೆಗೆಯಿರಿ. ನೂರು ಕಾಳನ್ನು ಒದ್ದೆ ಗೋಣಿತಾಟಲ್ಲಿ ಸುತ್ತಿಡಿ, 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಟ್ರೈಕೋಡರ್ಮಾ ಹಚ್ಚಿ, ಕೊನೆಗೆ ಬೆಲ್ಲದ ನೀರಲ್ಲಿ ರೈಜೋಬಿಯಂ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ. ಟ್ರೈಕೋಡರ್ಮಾ ಜೊತೆ ಕಾರ್ಬೆಂಡಜಿಮ್ ಥರದ ರಾಸಾಯನಿಕ ಬೆರೆಸಬೇಡಿ. ಅದೂ ಶಿಲೀಂಧ್ರವೇ, ಸತ್ತುಹೋಗುತ್ತೆ.

ನಮ್ಮ ಕೆಲಸದಲ್ಲಿ ಟೆಸ್ಟಿಂಗ್ ಮಾಡದೆ ರಿಲೀಸ್ ಮಾಡಿದರೆ ಮ್ಯಾನೇಜರ್ ಸುಮ್ಮನಿರಲ್ಲ. ರೈತನ ರಿಲೀಸ್ ವರ್ಷಕ್ಕೆ ಒಂದೇ ಸಲ, ಪ್ಯಾಚ್ ಹಾಕೋ ಅವಕಾಶವೂ ಇಲ್ಲ. ಹಾಗಾಗಿ ನನ್ನ ವಾದ ಇಷ್ಟೇ: ರೈತ ಸಂಪರ್ಕ ಕೇಂದ್ರದಲ್ಲಿ ಕೊಡೋ ಪ್ರತಿ ತೊಗರಿ ಚೀಲದ ಒಳಗೇ ಈ ಎರಡು ಪೊಟ್ಟಣ ಪುಕ್ಕಟೆಯಾಗಿ ಇರಬೇಕು. ಮೇ ತಿಂಗಳಲ್ಲಿ ಊರ ಕಟ್ಟೆ ಮೇಲೆ ಒಬ್ಬರು ಕೂತು ಹಚ್ಚಿ ತೋರಿಸಬೇಕು. ಒಂದು ವರ್ಷದ ಪರಿಹಾರದ ದುಡ್ಡಲ್ಲಿ ಎಷ್ಟು ವರ್ಷ ಇದನ್ನು ಮಾಡಬಹುದು, ನೀವೇ ಲೆಕ್ಕ ಹಾಕಿ.

ಊರಲ್ಲಿ ಹೊಲ ಇಟ್ಟುಕೊಂಡು ನಗರದಲ್ಲಿರೋ ಬ್ಲಾಗಿಗರು ನಮ್ಮಲ್ಲಿ ಬಹಳ ಜನ ಇದ್ದೀರಿ. ಬಿತ್ತನೆಗೆ ಮುಂಚೆ ಮನೆಗೊಂದು ಫೋನ್ ಮಾಡಿ, ಬೀಜಕ್ಕೆ ಏನು ಹಚ್ಚಿದಿರಿ ಅಂತ ಕೇಳ್ತೀರಾ?