ನಾಟಿ ಹಾಲಿನ ಬೋರ್ಡು, ಕೂಸಿನ ಹೊಟ್ಟೆ

ಸವಳಂಗ ರಸ್ತೆಯ ಅಂಗಡಿಗಳಲ್ಲಿ ಹಾಲು ಮಾರುವುದು ಒಂದು ಕಾಲಕ್ಕೆ ತಲೆನೋವಿಲ್ಲದ ವ್ಯಾಪಾರ. ನಸುಕಿನಲ್ಲಿ ಮಾಚೇನಹಳ್ಳಿ ಡೈರಿಯ ಕ್ರೇಟು ಇಳಿಯುತ್ತಿತ್ತು, ನೀಲಿಯೋ ಹಸಿರೋ ಅಂತ ಕೇಳಿ ಪ್ಯಾಕೆಟ್ ಕೊಟ್ಟರೆ ಮುಗಿಯುತ್ತಿತ್ತು. ಈಗ ಗಿರಾಕಿಯ ಪ್ರಶ್ನೆಯೇ ಬೇರೆ. “ಮಗೂಗೆ ಈ ಹಾಲು ಒಗ್ಗಲ್ಲ ಕಣ್ರೀ, ನಾಟಿ ಹಸುದು ಸಿಗುತ್ತಾ?” “ಎ2 ಅಂತಾರಲ್ಲ, ಅದು ತರಿಸ್ತೀರಾ?” “ಆಡಿನ ಹಾಲಾದರೆ ಆಗಬಹುದಾ?” ಅಂಗಡಿಯವನು ಡಾಕ್ಟರಲ್ಲ. ಆದರೂ ಗಲ್ಲಾದ ಮುಂದೆ ನಿಂತ ತಾಯಿಗೆ ಏನೋ ಒಂದು ಉತ್ತರ ಹೇಳಲೇಬೇಕು. ಆ ಉತ್ತರಕ್ಕೆ ಆಕೆ ಮಾಮೂಲಿ ಪ್ಯಾಕೆಟ್ಟಿನ ಎರಡರಷ್ಟು, ಕೆಲವು ಕಡೆ ಮೂರರಷ್ಟು ದುಡ್ಡು ತೆರುತ್ತಾಳೆ.

ಹಾಲು ಒಗ್ಗದಿರುವುದು ಒಂದೇ ಕಾಯಿಲೆಯಲ್ಲ. ಗೊಂದಲವೆಲ್ಲ ಇಲ್ಲಿಂದಲೇ ಶುರು. ಮೊದಲನೆಯದು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆಗೂಸಿನಲ್ಲಿ ಧಾರಾಳವಾಗಿರುತ್ತದೆ, ಬೆಳೆದಂತೆ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ. ಉತ್ತರದವರಿಗಿಂತ ದಕ್ಷಿಣ ಭಾರತದವರಲ್ಲಿ ಇದು ಹೆಚ್ಚು. ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು, ವಾಯು, ಭೇದಿ. ಜೀವಕ್ಕೇನೂ ಅಪಾಯವಿಲ್ಲ. ಇಂಥವರಿಗೆ ನಾಟಿ ಹಸುವಿನ ಹಾಲು ಕೊಟ್ಟರೂ ಅಷ್ಟೇ, ಜರ್ಸಿ ಹಾಲು ಕೊಟ್ಟರೂ ಅಷ್ಟೇ. ಎರಡರಲ್ಲೂ ಲ್ಯಾಕ್ಟೋಸ್ ಇದೆ, ಆಡಿನ ಹಾಲಿನಲ್ಲೂ ಇದೆ. ಹೆಪ್ಪು ಹಾಕಿದ ಮೊಸರಿನಲ್ಲಿ ಅದರ ಒಂದು ಪಾಲನ್ನು ಬ್ಯಾಕ್ಟೀರಿಯಗಳೇ ತಿಂದು ಮುಗಿಸಿರುತ್ತವೆ. ಹಾಲು ಒಗ್ಗದ ಅಜ್ಜ ಊಟದ ಕೊನೆಗೆ ಮಜ್ಜಿಗೆ ಅನ್ನ ಉಂಡು ಹಾಯಾಗಿ ಮಲಗುವುದು ಈ ಕಾರಣಕ್ಕೆ. ಕಿಣ್ವ ಸೇರಿಸಿ ಲ್ಯಾಕ್ಟೋಸ್ ಒಡೆದ ಹಾಲನ್ನು ಅಮುಲ್ ಡಬ್ಬಿಯಲ್ಲಿ ಮಾರುತ್ತದೆ. ಸ್ವಲ್ಪ ಸಿಹಿಯಿರುತ್ತದೆ, ಸಕ್ಕರೆ ಹಾಕಿದ್ದಾರೆ ಅಂತ ಜಗಳ ತೆಗೆಯುವಂತಿಲ್ಲ.

ಎರಡನೆಯದು ಅಲರ್ಜಿ. ಇದು ಹಾಲಿನ ಪ್ರೋಟೀನಿಗೆ ಮೈ ತಿರುಗಿ ಬೀಳುವುದು. ಹೆಚ್ಚಾಗಿ ಎಳೆಮಕ್ಕಳಲ್ಲಿ. ಮೈಮೇಲೆ ದದ್ದು, ವಾಂತಿ, ಮಲದಲ್ಲಿ ರಕ್ತ. ಕೆಲವರಿಗೆ ತುಟಿ ಊದಿ ಉಸಿರೇ ಕಟ್ಟಬಹುದು. ಇಂಥ ಕೂಸಿಗೆ “ಆಡಿನ ಹಾಲು ತಗೊಂಡು ಹೋಗಿ, ಗಾಂಧೀಜಿ ಕುಡೀತಿದ್ರು” ಅಂತ ಹೇಳುವುದು ಬೆಂಕಿಯ ಜೊತೆ ಆಟ. ಹಸುವಿನ ಹಾಲಿನ ಪ್ರೋಟೀನು, ಆಡಿನ ಹಾಲಿನ ಪ್ರೋಟೀನು ಎಷ್ಟು ಹತ್ತಿರದ ನೆಂಟರೆಂದರೆ, ಒಂದು ಆಗದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಇನ್ನೊಂದೂ ಆಗುವುದಿಲ್ಲ. ನಾಟಿ ಹಸುವಿನದಂತೂ ಹಸುವಿನ ಹಾಲೇ. ಈ ಮಕ್ಕಳಿಗೆ ಬೇಕಾದದ್ದು ಮಕ್ಕಳ ಡಾಕ್ಟರ ಸಲಹೆ. ಹಸುಳೆಗೆ ಒಂದು ವರ್ಷ ತುಂಬುವ ತನಕ ಯಾವ ಹಸುವಿನ ಹಾಲನ್ನೂ ಮುಖ್ಯ ಆಹಾರವಾಗಿ ಕೊಡಬಾರದೆಂದು ವೈದ್ಯರು ಮೊದಲಿನಿಂದ ಹೇಳುತ್ತಲೇ ಇದ್ದಾರೆ.

ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು ಒಳಲೆ ಲೆಕ್ಕದಲ್ಲಿ ಹಾಲು ಮಾರುವವರೂ ಉಂಟು. ಕತ್ತೆ ಹಾಲು ತಾಯಿಹಾಲಿಗೆ ಹತ್ತಿರ ಎನ್ನುವುದು ಸುಳ್ಳಲ್ಲ. ಇಟಲಿಯಲ್ಲಿ ಅಲರ್ಜಿ ಮಕ್ಕಳಿಗೆ ಕೊಟ್ಟು ನೋಡಿದ್ದಾರೆ. ಆದರೆ ಅಲ್ಲಿ ಡಾಕ್ಟರು ಪಕ್ಕದಲ್ಲಿದ್ದರು. ಇಲ್ಲಿ ಕರೆದ ಹಸಿ ಹಾಲು, ತೊಳೆಯದ ಕೈ, ಬಾಯಿ ಬಿಟ್ಟ ಕೂಸು.

ಇನ್ನು ಎ2. ಹಾಲಿನಲ್ಲಿ ಬೀಟಾ ಕೇಸಿನ್ ಅಂತ ಒಂದು ಪ್ರೋಟೀನು. 209 ಮಣಿಗಳ ಸರ ಅಂದುಕೊಳ್ಳಿ. 67ನೇ ಮಣಿ ಒಂದು ಬಗೆಯದಾದರೆ ಎ1, ಇನ್ನೊಂದು ಬಗೆಯದಾದರೆ ಎ2. ಇದನ್ನೇ ಹಿಡಿದು 2000ದಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಕಂಪನಿ ಹುಟ್ಟಿತು. ಎ1 ಹಾಲಿನಿಂದ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬರುತ್ತದೆ ಅನ್ನುವ ಗುಲ್ಲೂ ಎದ್ದಿತು. 2009ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಪುರಾವೆಗಳನ್ನೆಲ್ಲ ತೂಗಿ ನೋಡಿ, ಅಂಥ ಕಾರ್ಯಕಾರಣ ಸಂಬಂಧ ಕಾಣುವುದಿಲ್ಲ ಎಂದಿತು. ಎ2 ಕುಡಿದರೆ ಹೊಟ್ಟೆಯುಬ್ಬರ ಕೊಂಚ ಕಡಿಮೆ ಎನ್ನುವ ಪ್ರಯೋಗಗಳಿವೆ. ಅವುಗಳಲ್ಲಿ ಕೆಲವಕ್ಕೆ ದುಡ್ಡು ಹಾಕಿದ್ದು ಅದೇ ಕಂಪನಿ.

ನಮ್ಮ ಸರಕಾರದ ಕತೆ ಇನ್ನೂ ಚೆಂದ. 2024ರ ಆಗಸ್ಟ್ 21ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಪ್ಯಾಕೆಟ್ ಮೇಲೆ ಎ1, ಎ2 ಅಂತ ಬರೆಯುವುದು ದಾರಿ ತಪ್ಪಿಸುವ ಕೆಲಸ, ತೆಗೆಯಿರಿ ಅಂತ ಹೊರಡಿಸಿತು. ಒಂದು ವಾರವೂ ಆಗಲಿಲ್ಲ, 26ರಂದು ಆ ಆದೇಶವನ್ನೇ ವಾಪಸು ಪಡೆಯಿತು. ದಿಲ್ಲಿಯವರಿಗೇ ಐದು ದಿನ ಒಂದು ಮಾತಿನ ಮೇಲೆ ನಿಲ್ಲಲು ಆಗದಿದ್ದರೆ ಸವಳಂಗ ರಸ್ತೆಯ ಕಿರಾಣಿ ಅಂಗಡಿಯವನು ಏನು ಮಾಡಬೇಕು?

ನಾಟಿ ಅಂದರೆ ಎ2 ಎಂದು ಕಣ್ಣುಮುಚ್ಚಿ ಹೇಳುವವರು ಇನ್ನೊಂದು ವಿಷಯ ತಿಳಿಯಬೇಕು. ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಸ್ಥೆಯ ವಿಜ್ಞಾನಿಗಳು ದೇಶದ 15 ನಾಟಿ ತಳಿಗಳ ದನಗಳನ್ನು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದರು. ಬಹುತೇಕ ಎಲ್ಲವೂ ಎ2. ಎ1 ಅಂಶ ಅಲ್ಪಸ್ವಲ್ಪ ಕಂಡದ್ದು ಎರಡೇ ತಳಿಗಳಲ್ಲಿ. ಒಂದು ಉತ್ತರ ಪ್ರದೇಶದ ಖೇರಿಗಢ, ಇನ್ನೊಂದು ನಮ್ಮದೇ ಮಲೆನಾಡ ಗಿಡ್ಡ! ಪರೀಕ್ಷಿಸಿದ ಎಮ್ಮೆಗಳೋ, ಎಲ್ಲವೂ ಎ2. ಅಂದರೆ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಎಮ್ಮೆ ಹಾಲಿನ ಚಹಾ ಕುಡಿದವರೆಲ್ಲ ಬೋರ್ಡಿಲ್ಲದೆ, ಹೆಚ್ಚಿನ ದರವಿಲ್ಲದೆ ಎ2 ಕುಡಿದು ಬಸ್ಸು ಹತ್ತಿದ್ದಾರೆ.

ಇದನ್ನು ಕೇಳಿ ಗಿಡ್ಡ ಸಾಕಿದವರ ಮೇಲೆ ಮುರಕೊಂಡು ಬೀಳಬೇಕಾಗಿಲ್ಲ. ಅವರ ಕಷ್ಟ ಬೇರೆಯೇ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗಿಡ್ಡ ದನ ಕಾಡು ಗುಡ್ಡ ಮೇಯ್ದು ಬರುತ್ತದೆ. ಕೊಡುವುದು ದಿನಕ್ಕೆ ಒಂದರಿಂದ ಮೂರು ಲೀಟರು. ಕರು ಕುಡಿಯಬೇಕು, ಮನೆಗೆ ಬೇಕು, ಉಳಿದದ್ದು ಮಾರಾಟಕ್ಕೆ. ಸೊಸೈಟಿಗೆ ಹಾಕಿದರೆ ಫ್ಯಾಟ್ ನೋಡಿ ರೇಟು ಕಟ್ಟುತ್ತಾರೆ, ಆಮೇಲೆ ಆ ಹಾಲು ಊರಿನ ಹಾಲಿನೊಂದಿಗೆ ಒಂದೇ ಕೂಲರಿಗೆ ಬೀಳುತ್ತದೆ. ಗಿಡ್ಡದ್ದು ಯಾವುದು, ಎಚ್‌ಎಫ್‌ದು ಯಾವುದು ಅಂತ ಆಮೇಲೆ ಯಾವ ಲ್ಯಾಕ್ಟೋಮೀಟರೂ ಹೇಳುವುದಿಲ್ಲ. ಬೇರೆಯಾಗಿ ಮಾರಬೇಕೆಂದರೆ ಬೇರೆ ಕ್ಯಾನು, ಬೇರೆ ಐಸು, ಬೇರೆ ಗಾಡಿ. ಐದು ಲೀಟರಿಗೋಸ್ಕರ ಐವತ್ತು ಕಿಲೋಮೀಟರು ಬೈಕು ಓಡಿಸಿದರೆ ಪೆಟ್ರೋಲಿಗೇ ಸರಿಹೋಯಿತು. ಬಸ್ಸಿಗೆ ಕ್ಯಾನು ಹಾಕಿ ಕಳಿಸೋಣವೆಂದರೆ, ಬಸ್ಸು ತಡವಾದ ದಿನ ಹಾಲು ಒಡೆಯುತ್ತದೆ.

ಕಾನೂನು ಇನ್ನೊಂದು ಕೊಕ್ಕೆ. ತನ್ನ ಹಾಲನ್ನೆಲ್ಲ ಸಹಕಾರ ಸಂಘಕ್ಕೇ ಹಾಕುವ ಸದಸ್ಯನಿಗೆ 2011ರ ನಿಯಮದಲ್ಲಿ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಉಂಟು. ಅದರಲ್ಲಿ ಎರಡು ಲೀಟರು ತೆಗೆದು ಪೇಟೆಯ ಮನೆಗೆ ಕೊಟ್ಟನೋ, ಆ ವಿನಾಯಿತಿ ಹೋಯಿತು. ಇದನ್ನು ಹಳ್ಳಿಯವರಿಗೆ ಕೂತು ಹೇಳಿದವರು ಯಾರು?

ಹೀಗಿರುವಾಗ ಕಮ್ಮಿ ಹಾಲಿಗೆ ಹೆಚ್ಚು ಬೆಲೆ ಕೇಳುವುದು ತಪ್ಪಲ್ಲ. ತಪ್ಪಿರುವುದು ಆ ಬೆಲೆಯನ್ನು ಔಷಧದ ಹೆಸರಿನಲ್ಲಿ ಕೇಳುವುದರಲ್ಲಿ. ರುಚಿಗೆ, ಕಾಡಿನ ಮೇವಿಗೆ, ಅಳಿವಿನ ಅಂಚಿಗೆ ಬರುತ್ತಿರುವ ತಳಿಯನ್ನು ಉಳಿಸುವುದಕ್ಕೆ ನೂರು ರೂಪಾಯಿ ಕೊಡುವ ಗಿರಾಕಿ ಶಿವಮೊಗ್ಗೆಯಲ್ಲೂ ಇದ್ದಾನೆ, ಭದ್ರಾವತಿಯಲ್ಲೂ ಇದ್ದಾನೆ. ಅವನಿಗೆ ಸುಳ್ಳು ಹೇಳಬೇಕಾಗಿಲ್ಲ. ಸುಳ್ಳಿನ ಬೋರ್ಡು ಒಮ್ಮೆ ಬಯಲಾದರೆ ಮೊದಲು ನೆಲಕಚ್ಚುವುದು ನಿಯತ್ತಿನಿಂದ ಮಾರಿದ ರೈತನೇ. ಜರ್ಸಿ ಹಾಲಿಗೆ ನಾಟಿ ಚೀಟಿ ಅಂಟಿಸಿದವನು ನಾಳೆ ಜೇನುತುಪ್ಪ ಮಾರಲು ಹೊರಡುತ್ತಾನೆ.

ದನದ ರಕ್ತವನ್ನೋ ಕೂದಲನ್ನೋ ತೆಗೆದು ಎ1 ಎ2 ಪರೀಕ್ಷೆ ಮಾಡುವುದು ಈಗ ದೊಡ್ಡ ವಿದ್ಯೆಯಲ್ಲ. ನಗರದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಗಿಡ್ಡ ಸಾಕಿದವರ ದನಗಳನ್ನು ಪರೀಕ್ಷಿಸಿ ಕಿವಿಯೋಲೆಯ ನಂಬರಿನ ಜೊತೆ ಚೀಟಿ ಕೊಡಲಿ. ಹಾಲು ಒಕ್ಕೂಟದವರು ಮಲೆನಾಡಿನ ಒಂದೇ ಒಂದು ರೂಟಿನಲ್ಲಿ ಗಿಡ್ಡ ಹಾಲಿಗೆ ಬೇರೆ ಕ್ಯಾನು, ಬೇರೆ ಕೂಲರು ಇಟ್ಟು, ಪಾಶ್ಚರೀಕರಿಸಿ, ತಳಿಯ ಹೆಸರಿನಲ್ಲೇ ಪ್ಯಾಕೆಟ್ ಮಾಡಿ ನೋಡಲಿ. ಲುಕ್ಸಾನಾದರೆ ನಿಲ್ಲಿಸಬಹುದು. ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲಿನ ಅಡುಗೆಮನೆ ನೋಡಿದಂತೆ ಹಾಲಿನ ಬೋರ್ಡುಗಳನ್ನೂ ಒಮ್ಮೆ ಓದಲಿ.

ಅಂಗಡಿಯವರು ಅದಕ್ಕೆಲ್ಲ ಕಾಯಬೇಕಿಲ್ಲ. ಹಾಲು ಹಸಿಯದ್ದಾದರೆ ಚೆನ್ನಾಗಿ ಉಕ್ಕಿಸಿ ಕುಡಿಯಿರಿ ಎನ್ನಲಿ, ಎಲ್ಲಿಂದ ಬಂದದ್ದು ಅಂತ ಗೊತ್ತಿದ್ದಷ್ಟು ಹೇಳಲಿ. ಕೂಸಿಗೆ ದದ್ದು ಬರುತ್ತದೆ, ವಾಂತಿಯಾಗುತ್ತದೆ ಅಂತ ತಾಯಿ ಹೇಳಿದರೆ ಆ ದಿನ ಒಂದು ಲೀಟರಿನ ವ್ಯಾಪಾರ ಬಿಟ್ಟು, “ಮೊದಲು ಡಾಕ್ಟರ ಹತ್ರ ಹೋಗಿ ಬನ್ನಿ ಅಮ್ಮ” ಎಂದು ಕಳಿಸಲಿ.