ಬರೆದಿಡದ ನಂಬಿಕೆಯ ಬೆಲೆ

2019ರ ಜೂನ್ 10. ಈದುಲ್ ಫಿತ್ರ್ ಕಳೆದು ವಾರವೂ ಆಗಿರಲಿಲ್ಲ. ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯಲ್ಲಿರುವ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಕಚೇರಿಯ ಮುಚ್ಚಿದ ಬಾಗಿಲ ಮುಂದೆ ಜನಸಾಗರವೇ ನೆರೆದಿತ್ತು. ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಮನ್ಸೂರ್ ಖಾನ್ ಅದಾಗಲೇ ದೇಶ ಬಿಟ್ಟಾಗಿತ್ತು. ಜುಲೈ 19ರಂದು ದೆಹಲಿಯಲ್ಲಿ ಅವರ ಬಂಧನವಾಯಿತು. 40 ಸಾವಿರಕ್ಕೂ ಮಿಕ್ಕಿ ದೂರುಗಳು ದಾಖಲಾದವು.

ಅಂದಿನಿಂದ ನಮ್ಮ ಅನುಕೂಲಸ್ಥರ ದಿವಾನಖಾನೆಗಳಲ್ಲಿ ಒಂದು ಮಾತು ಕೇಳಿ ಬರುತ್ತಿದೆ: 'ದುರಾಸೆಗೆ ಬಿದ್ದರು, ಅನುಭವಿಸಲಿ.' ಈ ಮಾತನ್ನು ನಾವು ಖಂಡಿಸುತ್ತೇವೆ.

ಅಲ್ಲಿ ಹಣ ಇಟ್ಟವರು ಯಾರು? ಒಡವೆ ಮಾರಿದ ವಿಧವೆ, ನಿವೃತ್ತಿಯ ಹಣವನ್ನೆಲ್ಲ ತಂದ ನೌಕರ, ಮಗಳ ಮದುವೆಗೆಂದು ಕೂಡಿಟ್ಟ ತಂದೆ. ಬಡ್ಡಿ ಹರಾಮ್ ಎಂಬ ಅವರ ವಿಶ್ವಾಸ ಪ್ರಾಮಾಣಿಕವಾಗಿತ್ತು. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ನೀಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲೇ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ನೇರವಾದ ಬಾಗಿಲು ಮುಚ್ಚಿದಾಗ ಜನ ಹಿತ್ತಲ ಬಾಗಿಲು ಹುಡುಕಿದರು. ಉಳ್ಳವನಿಗೆ ವಕೀಲನಿದ್ದಾನೆ, ಲೆಕ್ಕಪರಿಶೋಧಕನಿದ್ದಾನೆ. ಇಲ್ಲದವನ ಬಳಿ ಇರುವುದು ನಂಬಿಕೆಯೊಂದೇ. ಕಷ್ಟದಲ್ಲಿರುವವನು ನಂಬುವುದು ಮೂರ್ಖತನದಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ.

ಹಾಗೆಂದು ನಮ್ಮ ತಪ್ಪನ್ನು ಮುಚ್ಚಿಡಲಾಗದು. ಪಾಲುದಾರಿಕೆಯಲ್ಲಿ ಲಾಭವಿದ್ದಂತೆ ನಷ್ಟವೂ ಇರುತ್ತದೆ. ಮುದಾರಬಾದ ಮೂಲ ನಿಯಮವೇ ಅದು. ಎಂದೂ ನಷ್ಟವನ್ನೇ ಕಾಣದೆ ತಿಂಗಳು ತಿಂಗಳೂ ಬರುವ 'ಲಾಭ' ಎಲ್ಲಿಂದ ಬರುತ್ತಿದೆ ಎಂದು ನಾವು ಕೇಳಲಿಲ್ಲ. ಹಲಾಲ್ ಎಂಬ ಫಲಕ ಕಂಡೊಡನೆ ಲೆಕ್ಕ ಕೇಳುವ ನಾಲಿಗೆ ಮೌನವಾಯಿತು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು ಎಂದು ಆದೇಶಿಸುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಅದನ್ನು ಓದಿ ಪುಣ್ಯ ಗಳಿಸಿದೆವು, ಪಾಲಿಸಲು ಮರೆತೆವು.

ಆದರೆ ಮೊದಲು ಉತ್ತರಿಸಬೇಕಾದವರು ಬೇರೆ ಇದ್ದಾರೆ. ಲಂಚ ಪಡೆದು ಸಂಸ್ಥೆಯ ಪರ ವರದಿ ನೀಡಿದ ಆರೋಪದ ಮೇಲೆ ಕಂದಾಯ ಅಧಿಕಾರಿಗಳು ಬಂಧಿತರಾದರು. ಒಬ್ಬ ಧರ್ಮಗುರುವೂ ಬಂಧಿತರಾದರು. ಆರ್. ರೋಷನ್ ಬೇಗ್ ಅವರನ್ನು 2020ರ ನವೆಂಬರ್‌ನಲ್ಲಿ ಸಿಬಿಐ ಬಂಧಿಸಿತು ಎಂಬಷ್ಟಕ್ಕೆ ಈ ಪಟ್ಟಿ ಮುಗಿಯುವುದಿಲ್ಲ. ಆಗ ಅವರು ಮಾಜಿ ಶಾಸಕರು, ಹಗರಣ ಬಯಲಾದಾಗ ಹಾಲಿ ಶಾಸಕರು. ಆರೋಪಗಳ ಸತ್ಯಾಸತ್ಯತೆಯನ್ನು ನ್ಯಾಯಾಲಯ ನಿರ್ಧರಿಸಲಿ. ವೇದಿಕೆಯಲ್ಲಿ ಕುಳಿತು ಹಾರ ಹಾಕಿಸಿಕೊಂಡವರು ಕನಿಷ್ಠ ಒಂದು ಕ್ಷಮೆಯನ್ನಾದರೂ ಯಾಚಿಸಬೇಕಲ್ಲವೇ?

ಹಣದ ನಷ್ಟಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಣ ಹೂಡುವಂತೆ ಒತ್ತಾಯಿಸಿದವರು ಅಪರಿಚಿತರಲ್ಲ. ಭಾವ, ಚಿಕ್ಕಪ್ಪ, ಪಕ್ಕದ ಮನೆಯವರು, ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವವರು. ಶಿವಾಜಿನಗರದಿಂದ ಹಲಸೂರು, ಕೆ.ಆರ್. ಪುರದವರೆಗೆ ಈಗ ಯಾರಾದರೂ ಆಸ್ಪತ್ರೆಯ ಖರ್ಚಿಗೆ ಕೈಸಾಲ ಕೇಳಿದರೆ ಮೊದಲು ಏಳುವುದು ಕರುಣೆಯಲ್ಲ, ಅನುಮಾನ. ಮೋಸ ಮಾಡಿದವನ ದಂಡವನ್ನು ಮೋಸ ಮಾಡದವನು ತೆರುತ್ತಿದ್ದಾನೆ.

ಇದಕ್ಕೆ ಪರಿಹಾರ ಯಾರನ್ನೂ ನಂಬದಿರುವುದಲ್ಲ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಅಮಾನತ್ತಿನ ಕಾವಲು. ಪ್ರತಿ ಮೊಹಲ್ಲಾದಲ್ಲೂ ನೋಂದಾಯಿತ, ಲೆಕ್ಕಪರಿಶೋಧನೆಗೆ ಒಳಪಡುವ ಬಡ್ಡಿರಹಿತ ಸಾಲ ಸಂಘ ಏಕೆ ಇರಬಾರದು? ಝಕಾತ್ ಸಂಗ್ರಹದ ಆಯವ್ಯಯವನ್ನು ಮಸೀದಿಯ ಫಲಕದಲ್ಲಿ ಹಚ್ಚಲು ಆಡಳಿತ ಸಮಿತಿಗಳಿಗೆ ಇರುವ ಅಡ್ಡಿಯೇನು?

ಮುಂದಿನ ರಮಝಾನ್‌ಗೆ ಮುನ್ನ ನಿಮ್ಮ ಮಸೀದಿಯಲ್ಲಿ ಈ ಪ್ರಶ್ನೆ ಕೇಳಿರಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಒಪ್ಪಬೇಡಿರಿ, ಬರೆದು ಕೊಡಲು ಹೇಳಿರಿ.