ಆಡಳಿತ ಮಂಡಳಿಗೆ ಬಿರುದು ಬೇಕೋ, ಬೆವರು ಬೇಕೋ?

ನಮ್ಮ ನಾಡಿನ ಯಾವುದೇ ಜಮಾಅತಿನ, ಅನಾಥಾಲಯದ ಅಥವಾ ವಿದ್ಯಾಸಂಸ್ಥೆಯ ವಾರ್ಷಿಕ ವರದಿಯನ್ನು ತೆರೆದು ನೋಡಿ. ಮೊದಲ ಪುಟಗಳಲ್ಲಿಯೇ ಆಡಳಿತ ಮಂಡಳಿಯ ಸದಸ್ಯರ ಭಾವಚಿತ್ರಗಳು ಸಾಲಾಗಿ ಕಾಣಸಿಗುತ್ತವೆ. ಚಿತ್ರದ ಕೆಳಗೆ ಹೆಸರು, ಹೆಸರಿನ ಕೆಳಗೆ ವೃತ್ತಿ: ಹೃದ್ರೋಗ ತಜ್ಞರು, ಹಿರಿಯ ವಕೀಲರು, ಲೆಕ್ಕಪರಿಶೋಧಕರು, ಗಲ್ಫ್ ಉದ್ಯಮಿ, ನಿವೃತ್ತ ಇಂಜಿನಿಯರ್. ಇವರಾರೂ ಸಂಬಳ ಪಡೆಯುವವರಲ್ಲ. ಸ್ವಂತ ಕೆಲಸದ ನಡುವೆ ಬಿಡುವು ಮಾಡಿಕೊಂಡು ಸೇವೆಗೆ ಬಂದವರಿಗೆ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ. ಆದರೆ ಆ ವೃತ್ತಿಯ ಹೆಸರು ಅಲ್ಲಿ ಏಕೆ ಅಚ್ಚಾಗಿದೆ, ಅದರಿಂದ ಸಂಸ್ಥೆಗೆ ಆದ ಲಾಭವೇನು ಎಂದು ಕೇಳುವವರು ವಿರಳ. ನಾವು ಇಂದು ಅದನ್ನೇ ಕೇಳಬಯಸುತ್ತೇವೆ.

ವೃತ್ತಿಯನ್ನು ದಾಖಲಿಸುವುದು ಹೊಸ ಪದ್ಧತಿಯೇನಲ್ಲ. 1860ರ ಸಂಘಗಳ ನೋಂದಣಿ ಕಾಯಿದೆಯೇ ಆಡಳಿತ ಮಂಡಳಿಯ ಪ್ರತಿಯೊಬ್ಬ ಸದಸ್ಯನ ಹೆಸರು, ವಿಳಾಸ ಮತ್ತು ವೃತ್ತಿಯನ್ನು ಬರೆದು ಸಲ್ಲಿಸಬೇಕೆಂದು ವಿಧಿಸಿತ್ತು. ಸಂಘ ಸ್ಥಾಪನೆಯಾಗುವಾಗ ಒಮ್ಮೆ, ಆ ಬಳಿಕ ಪ್ರತಿವರ್ಷವೂ. ಸಾರ್ವಜನಿಕರ ಹಣಕ್ಕೆ ಯಾರು ಹೊಣೆ, ಅವರು ಯಾರೆಂದು ಗುರುತಿಸುವುದು ಹೇಗೆ ಎಂಬುದಕ್ಕೆ ಆ ಪಟ್ಟಿಯೇ ಉತ್ತರ. ಉತ್ತರದಾಯಿತ್ವಕ್ಕಾಗಿ ಹುಟ್ಟಿದ ಆ ಅಂಕಣವನ್ನು ನಾವು ಅಲಂಕಾರದ ಅಂಕಣವನ್ನಾಗಿ ಮಾಡಿಕೊಂಡಿದ್ದೇವೆ.

ಹೊಣೆಗಾರಿಕೆಗೆ ವ್ಯಕ್ತಿಯನ್ನು ಆರಿಸುವುದು ಹೇಗೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸಿದೆ. ಅಲ್‌ಕಸಸ್ ಅಧ್ಯಾಯದಲ್ಲಿ ಬರುವ ಮದ್‌ಯನ್‌ನ ವೃತ್ತಾಂತವನ್ನು ನೆನೆಯೋಣ. ಪ್ರವಾದಿ ಮೂಸಾ(ಅ) ಊರು ತೊರೆದು, ದಣಿದು, ಹಸಿದು ಅಲ್ಲಿನ ಬಾವಿಯ ಬಳಿಗೆ ಬಂದಾಗ ಅವರ ಬಳಿ ಪರಿಚಯಪತ್ರವಿರಲಿಲ್ಲ, ಶಿಫಾರಸು ಮಾಡುವ ಬಂಧುಗಳೂ ಇರಲಿಲ್ಲ. ಜನಜಂಗುಳಿಯಿಂದ ದೂರ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳ ಆಡುಗಳಿಗೆ ಅವರು ನೀರುಣಿಸಿದರು, ಪ್ರತಿಫಲ ಕೇಳದೆ ನೆರಳಿಗೆ ಸರಿದರು. ಆ ಬಳಿಕ ಅವರಲ್ಲೊಬ್ಬಳು ತನ್ನ ತಂದೆಗೆ ಇವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುವಂತೆ ಸಲಹೆಯಿತ್ತಳು. ಬಲಶಾಲಿಯೂ ವಿಶ್ವಸ್ಥನೂ ಆದವನೇ ಕೆಲಸಕ್ಕೆ ಶ್ರೇಷ್ಠ ಎಂಬುದು ಅವಳು ಕೊಟ್ಟ ಕಾರಣ. ಅವಳು ವಂಶ ವಿಚಾರಿಸಲಿಲ್ಲ, ಪದವಿ ಕೇಳಲಿಲ್ಲ. ಬಾವಿಯ ದಂಡೆಯಲ್ಲಿ ಕೆಲಸವನ್ನು ಕಣ್ಣಾರೆ ಕಂಡು ತೀರ್ಮಾನಿಸಿದಳು. ಸಾಮರ್ಥ್ಯ ಮತ್ತು ವಿಶ್ವಸ್ಥತೆ, ಎರಡೂ ಬೇಕು. ಎರಡಕ್ಕೂ ಮಾಡಿದ ಕೆಲಸವೇ ಸಾಕ್ಷಿಯಾಗಬೇಕು.

ಈ ಎರಡರಲ್ಲಿ ಒಂದು ಸಾಕೆನ್ನುವ ಎರಡು ಪಂಗಡಗಳು ನಮ್ಮಲ್ಲಿವೆ. ಮೊದಲನೆಯ ಪಂಗಡ ಹೇಳುತ್ತದೆ: "ದೀನೀ ಸಂಸ್ಥೆಗೆ ಭಕ್ತಿವಂತರು ಸಾಕು. ವಕೀಲರೇಕೆ, ಲೆಕ್ಕಿಗರೇಕೆ?" ಅಬೂದರ್ರ್(ರ)ರ ಪ್ರಸಂಗ ಇವರಿಗೆ ಉತ್ತರ. ಅವರ ಭಕ್ತಿ, ವಿರಕ್ತಿ, ಸತ್ಯಸಂಧತೆಗಳಿಗೆ ಇಡೀ ಸಮುದಾಯವೇ ಸಾಕ್ಷಿಯಾಗಿತ್ತು. ಆದರೂ ಅವರು ಅಧಿಕಾರದ ಹೊಣೆಯನ್ನು ಬಯಸಿದಾಗ ಪ್ರವಾದಿವರ್ಯರು(ಸ) ಅದನ್ನು ಕೊಡಲಿಲ್ಲ. ನೀವು ದುರ್ಬಲರು, ಇದಾದರೋ ಅಮಾನತ್ ಎಂದು ಪ್ರೀತಿಯಿಂದಲೇ ತಿಳಿಹೇಳಿದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಭಕ್ತಿಯು ಲೆಕ್ಕಪತ್ರದ ಬದಲಿಯಾಗಲಾರದು. ಈಜಿಪ್ಟಿನ ಭಂಡಾರದ ಹೊಣೆಯನ್ನು ಕೇಳಿ ಪಡೆದ ಪ್ರವಾದಿ ಯೂಸುಫ್(ಅ) ಕೂಡ ತಾನು ಕಾಪಾಡಬಲ್ಲವನು, ಬಲ್ಲವನು ಎಂಬ ಎರಡು ಅರ್ಹತೆಗಳನ್ನೇ ಮುಂದಿಟ್ಟರು.

ಎರಡನೆಯ ಪಂಗಡದ ವಾದ ಇಂದು ಹೆಚ್ಚು ಪ್ರಬಲವಾಗಿದೆ: "ದೊಡ್ಡವರ ಹೆಸರಿದ್ದರೆ ದೇಣಿಗೆ ಬರುತ್ತದೆ, ಕಛೇರಿಗಳಲ್ಲಿ ಕೆಲಸವಾಗುತ್ತದೆ. ಅವರು ಸಭೆಗೆ ಬಾರದಿದ್ದರೂ ಚಿಂತೆಯಿಲ್ಲ." ಈ ಮಾತನ್ನು ನಾವು ಖಂಡಿಸುತ್ತೇವೆ. ಹೆಸರನ್ನು ನಂಬಿ ದಾನಿಯು ಹಣ ಕೊಡುತ್ತಾನೆ. ಪಟ್ಟಿಯಲ್ಲಿ ಲೆಕ್ಕಪರಿಶೋಧಕರ ಹೆಸರನ್ನು ಕಂಡವನು ಅವರು ಲೆಕ್ಕವನ್ನು ನೋಡಿದ್ದಾರೆಂದು ಭಾವಿಸುತ್ತಾನೆ. ವಕೀಲರ ಹೆಸರನ್ನು ಕಂಡವನು ಸಂಸ್ಥೆಯ ದಸ್ತಾವೇಜುಗಳು ಸುರಕ್ಷಿತವೆಂದು ನೆಮ್ಮದಿ ತಾಳುತ್ತಾನೆ. ಅವರು ಕಡತವನ್ನು ಮುಟ್ಟಿಯೂ ನೋಡಿಲ್ಲವಾದರೆ ಆ ನಂಬಿಕೆಗೆ ನಾವು ಕೊಟ್ಟದ್ದೇನು? ವ್ಯಾಪಾರಿಯೊಬ್ಬ ಒಳಗೆ ಇಲ್ಲದ ಸರಕಿನ ಹೆಸರನ್ನು ಅಂಗಡಿಯ ಫಲಕದಲ್ಲಿ ಬರೆದರೆ ಅದನ್ನು ವಂಚನೆಯೆನ್ನುತ್ತೇವೆ. ಅದೇ ಕೆಲಸವನ್ನು ದೀನಿನ ಹೆಸರಿನಲ್ಲಿ ಮಾಡಿದರೆ ಅದು ಹಿಕ್ಮತ್ ಆಗುವುದು ಹೇಗೆ?

ಸಾಮರ್ಥ್ಯ ನಮ್ಮಲ್ಲಿದ್ದೂ ಅದನ್ನು ಬಳಸದಿರುವುದರ ಬೆಲೆ ಸಣ್ಣದಲ್ಲ. 2006ರ ಸಾಚಾರ್ ಸಮಿತಿಯ ವರದಿಯು ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿವೆಯೆಂದೂ ಅವುಗಳ ಮಾರುಕಟ್ಟೆ ಮೌಲ್ಯ ಸುಮಾರು 1.2 ಲಕ್ಷ ಕೋಟಿ ರೂಪಾಯಿಯೆಂದೂ ಅಂದಾಜಿಸಿತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಸುಮಾರು 163 ಕೋಟಿ ಮಾತ್ರ. ಶೇ. 10ರಷ್ಟು ಪ್ರತಿಫಲ ಬಂದಿದ್ದರೂ ಅದು 12,000 ಕೋಟಿಯಾಗುತ್ತಿತ್ತು. ಈ ಕೊರತೆಗೆ ಒತ್ತುವರಿ, ಸರಕಾರಿ ಇಲಾಖೆಗಳ ವಶ, ತಲೆಮಾರು ಕಳೆದರೂ ಏರದ ಬಾಡಿಗೆ ಎಂದು ಹೊರಗಿನ ಕಾರಣಗಳನ್ನು ಎಣಿಸಬಹುದು. ಆದರೆ ಬಾಡಿಗೆ ಕರಾರನ್ನು ತಿದ್ದಿ ಬರೆಯಲು ವಕೀಲ ಬೇಕು, ಗಡಿ ಗುರುತಿಸಲು ಸರ್ವೆ ಬಲ್ಲವನು ಬೇಕು, ಪಹಣಿ ಮತ್ತು ಖಾತೆಯಲ್ಲಿನ ತಪ್ಪನ್ನು ಸರಿಪಡಿಸಲು ಕಂದಾಯ ಇಲಾಖೆಯಲ್ಲಿ ದುಡಿದು ಬಂದವನು ಬೇಕು. 2025ರಲ್ಲಿ ವಕ್ಫ್ ಆಸ್ತಿಗಳ ವಿವರವನ್ನು ಉಮೀದ್ ಜಾಲತಾಣದಲ್ಲಿ ದಾಖಲಿಸಲು ಆರು ತಿಂಗಳ ಗಡುವು ಬಂದಾಗ ಬೇಕಾಗಿದ್ದುದು ಇಂಥ ಕೈಗಳೇ. ಆ ದಿನಗಳಲ್ಲಿ ನಿಮ್ಮ ಮೊಹಲ್ಲಾದ ಮಂಡಳಿಯಲ್ಲಿ ಯಾರು ಕಡತಗಳ ಮುಂದೆ ಕುಳಿತರು, ಯಾರ ಹೆಸರು ಫಲಕದಲ್ಲಷ್ಟೇ ಉಳಿಯಿತು? ಓದುಗರು ತಮ್ಮನ್ನೇ ಕೇಳಿಕೊಳ್ಳಲಿ.

ವೃತ್ತಿಯಿಂದ ಬರುವ ಇನ್ನೊಂದು ಅಪಾಯವನ್ನು ಮುಚ್ಚಿಡಲಾಗದು. ಕಟ್ಟಡ ಗುತ್ತಿಗೆದಾರನು ಸದಸ್ಯನಾದರೆ ಮದ್ರಸದ ಹೊಸ ಕಟ್ಟಡದ ಗುತ್ತಿಗೆ ಯಾರಿಗೆ ಹೋಗಬೇಕು? ಅಕ್ಕಿ ವ್ಯಾಪಾರಿಯು ಕೋಶಾಧಿಕಾರಿಯಾದರೆ ಅನಾಥಾಲಯದ ಅಡುಗೆಮನೆಗೆ ಯಾರ ಅಂಗಡಿಯ ಅಕ್ಕಿ ಬರಬೇಕು? ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಇಬ್ನುಲ್ಲುತ್ಬಿಯ್ಯ ಎಂಬವರು, ಇದು ನಿಮ್ಮದು, ಇದು ನನಗೆ ಸಿಕ್ಕಿದ ಉಡುಗೊರೆ ಎಂದು ಬೇರ್ಪಡಿಸಿ ಇಟ್ಟಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ ಜನರೆದುರು ಅದನ್ನು ಆಕ್ಷೇಪಿಸಿದರು. ತಂದೆತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಈ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಸಂಬಳವಿಲ್ಲದ ಹುದ್ದೆಯಲ್ಲಿ ಕುಳಿತು ವ್ಯಾಪಾರ ಕುದುರಿಸುವವರಿಗೂ ಇದೇ ಪ್ರಶ್ನೆ ಅನ್ವಯವಾಗುತ್ತದೆ. ತನ್ನ ವ್ಯವಹಾರದ ವಿಷಯ ಚರ್ಚೆಗೆ ಬಂದಾಗ ಸದಸ್ಯನು ಅದನ್ನು ಬಾಯಿಬಿಟ್ಟು ಹೇಳಿ, ಸಭೆಯಿಂದ ಎದ್ದು ಹೊರನಡೆಯಬೇಕು. ಅದು ಅವನ ಮಾನವನ್ನು ಕಾಯುತ್ತದೆ.

ಇನ್ನು, ಪಟ್ಟಿಯಲ್ಲಿ ಇಲ್ಲದ ವೃತ್ತಿಗಳ ಕಡೆಗೂ ನೋಡೋಣ. ಮದ್ರಸಗಳ ಮಂಡಳಿಯಲ್ಲಿ ಎಲ್ಲ ವೃತ್ತಿಯವರೂ ಇರುತ್ತಾರೆ, ಕಲಿಸುವ ಉಸ್ತಾದರೊಬ್ಬರನ್ನು ಬಿಟ್ಟು. ಪಾಠದ ಅವಧಿಯನ್ನು, ಉಸ್ತಾದರ ವೇತನವನ್ನು, ರಜೆಯನ್ನು ನಿರ್ಧರಿಸುವ ಕೋಣೆಯ ಹೊರಗೆ ಅವರು ಕಾಯುತ್ತಾರೆ. ಮೀನುಗಾರರ, ಬೀಡಿ ಕಟ್ಟುವವರ, ಆಟೋ ಚಾಲಕರ ಮಕ್ಕಳು ಓದುವ ಶಾಲೆಯ ಮಂಡಳಿಯಲ್ಲಿ ಆ ಮನೆಗಳಿಂದ ಬಂದ ಒಂದು ದನಿಯೂ ಇರುವುದಿಲ್ಲ. ಹೆಣ್ಣುಮಕ್ಕಳ ಕಾಲೇಜಿನ ಮಂಡಳಿಯಲ್ಲಿ ಹೆಣ್ಣೊಬ್ಬಳ ಹೆಸರನ್ನು ಹುಡುಕಬೇಕಾಗುತ್ತದೆ. ಹಝ್ರತ್ ಉಮರ್(ರ) ತಮ್ಮ ವಕ್ಫ್ ಭೂಮಿಯ ಉಸ್ತುವಾರಿಯನ್ನು ತಮ್ಮ ನಂತರ ಮಗಳು ಹಫ್ಸಾ(ರ)ರಿಗೆ ಬರೆದುಕೊಟ್ಟರೆಂದು ಅಬೂದಾವೂದ್‌ನಲ್ಲಿ ವರದಿಯಿದೆ. ಆ ಖಲೀಫರು ಕಂಡ ಅರ್ಹತೆ ನಮ್ಮ ಕಣ್ಣಿಗೆ ಏಕೆ ಕಾಣುತ್ತಿಲ್ಲ?

"ನಾವು ಉಚಿತವಾಗಿ ದುಡಿಯುವವರು, ನಮ್ಮನ್ನು ಪ್ರಶ್ನಿಸಬೇಡಿ" ಎಂಬ ಮಾತು ಕೂಡ ಆಗಾಗ ಕೇಳಿಬರುತ್ತದೆ. ಅನಾಥರ ಸೊತ್ತಿನ ಪಾಲಕನು ಸ್ಥಿತಿವಂತನಾದರೆ ಅದರಿಂದ ದೂರವಿರಲಿ, ಬಡವನಾದರೆ ನ್ಯಾಯೋಚಿತವಾಗಿ ಬಳಸಲಿ ಎಂದು ಅನ್ನಿಸಾ ಅಧ್ಯಾಯವು ಆದೇಶಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಸೊತ್ತನ್ನು ಮರಳಿಸುವಾಗ ಸಾಕ್ಷಿಗಳನ್ನಿರಿಸಿ ಎಂದೂ ಅದೇ ಸೂಕ್ತ ಹೇಳುತ್ತದೆ. ಏನನ್ನೂ ಪಡೆಯದ ಪಾಲಕನಿಗೂ ಈ ಸಾಕ್ಷಿಯ ನಿಯಮದಿಂದ ವಿನಾಯಿತಿ ಸಿಕ್ಕಿಲ್ಲ. ಬಟ್ಟೆ ವ್ಯಾಪಾರಿಯಾಗಿದ್ದ ಅಬೂಬಕರ್(ರ) ಖಲೀಫರಾದ ಬಳಿಕವೂ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಾಗ ಸಹಾಬಿಗಳು ತಡೆದು, ಅವರ ಪೂರ್ಣ ಸಮಯ ಸಮುದಾಯಕ್ಕೆ ದೊರೆಯಲೆಂದು ಭತ್ಯೆಯನ್ನು ಗೊತ್ತುಪಡಿಸಿದರು. ಸಮಯ ಕೊಡದ ಉಚಿತ ಸೇವೆಗಿಂತ ಸಮಯ ಕೊಡುವ ಸೇವೆಯೇ ಮೇಲೆಂದು ಅವರು ಅರಿತಿದ್ದರು.

ನಾವು ವೃತ್ತಿಪರರ ವಿರೋಧಿಗಳಲ್ಲ. ಬೆಂಗಳೂರಿನಲ್ಲಿ 1966ರಲ್ಲಿ ಅಲ್‌ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಡಾ. ಮುಮ್ತಾಝ್ ಅಹ್ಮದ್ ಖಾನ್ ವೃತ್ತಿಯಿಂದ ವೈದ್ಯರು. ಆದರೆ ಸಮುದಾಯವು ಅವರನ್ನು ಸ್ಮರಿಸುವುದು ಶಿಕ್ಷಣಕ್ಕಾಗಿ ಅವರು ದಶಕಗಳ ಕಾಲ ಸವೆಸಿದ ಆಯುಷ್ಯಕ್ಕಾಗಿ. ಪ್ರವಾದಿವರ್ಯರ(ಸ) ಆದೇಶದಂತೆ ಯಹೂದಿಯರ ಲಿಪಿಯನ್ನು ಕಲಿತ ಝೈದ್ ಬಿನ್ ಸಾಬಿತ್(ರ)ರಂತೆ, ಸಮುದಾಯದ ಅಗತ್ಯಕ್ಕಾಗಿ ಹೊಸತನ್ನು ಕಲಿಯುವವರೂ ನಮಗೆ ಬೇಕು.

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ಜಮಾಅತಿನ ಸದಸ್ಯರು ಒಂದು ಸರಳ ಬೇಡಿಕೆಯನ್ನಿಡಲಿ. ಪಟ್ಟಿಯಲ್ಲಿ ಹೆಸರು ಮತ್ತು ವೃತ್ತಿಯ ಪಕ್ಕದಲ್ಲಿ ಇನ್ನೆರಡು ಅಂಕಣಗಳಿರಲಿ: ವರ್ಷದಲ್ಲಿ ಎಷ್ಟು ಸಭೆಗಳಿಗೆ ಹಾಜರಾದರು, ತಮ್ಮ ವೃತ್ತಿಜ್ಞಾನದಿಂದ ಸಂಸ್ಥೆಗೆ ಯಾವ ಕೆಲಸ ಮಾಡಿಕೊಟ್ಟರು. ಆ ಅಂಕಣಗಳನ್ನು ತುಂಬಲಾರದವರು ಗೌರವದಿಂದ ಸ್ಥಾನ ತೆರವು ಮಾಡಲಿ. ಅಲ್ಲಿ ಉಸ್ತಾದರೊಬ್ಬರಿಗೆ, ತಾಯಿಯೊಬ್ಬಳಿಗೆ, ಲೆಕ್ಕ ಬಲ್ಲ ಯುವಕನೊಬ್ಬನಿಗೆ ಜಾಗವಾಗಲಿ. ಅರ್ಹರಲ್ಲದವರಿಗೆ ಹೊಣೆ ಒಪ್ಪಿಸುವುದನ್ನು ಪ್ರವಾದಿವರ್ಯರು(ಸ) ಅಂತ್ಯದಿನದ ಕುರುಹುಗಳಲ್ಲಿ ಎಣಿಸಿದ್ದಾರೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಮ್ಮ ವೃತ್ತಿ ಯಾವುದಾಗಿತ್ತೆಂಬುದಕ್ಕಿಂತ, ಆ ಜ್ಞಾನವನ್ನು ಯಾವುದಕ್ಕೆ ಬಳಸಿದೆವೆಂಬುದೇ ವಿಚಾರಣೆಗೆ ಬರುತ್ತದೆ. ಅಮಾನತನ್ನು ಅದರ ಹಕ್ಕುದಾರರಿಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.